ಗಡಿನಾಡಿನ ಭಾನುವಾರಕ್ಕೊಂದು ಹಳೆಯ ಕಾರು

ಹಿಂದೂಪುರದ ಬಡಾವಣೆಗಳಲ್ಲಿ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿರುವ ಹಳೆಯ ಕಾರುಗಳ ಹುಟ್ಟೂರನ್ನು ಅವುಗಳ ನಂಬರ್ ಪ್ಲೇಟುಗಳೇ ಹೇಳಿಬಿಡುತ್ತವೆ. ಕೆಎ 40 ಎಂದಿದ್ದರೆ ಅದು ಚಿಕ್ಕಬಳ್ಳಾಪುರ ಜಿಲ್ಲೆಯದು, ಗೌರಿಬಿದನೂರಿನ ದಾರಿಯಾಗಿ ಬಂದುದು. ಕೆಎ 64 ಎಂದಿದ್ದರೆ ಮಧುಗಿರಿ, ಪಾವಗಡಗಳ ಕಡೆಯದು. ಕಲ್ಯಾಣದುರ್ಗದ ಕಡೆಗೆ ಹೋದರೆ ಚಿತ್ರದುರ್ಗದ ಕೆಎ 16, ಬಳ್ಳಾರಿಯ ಕೆಎ 34 ಕಣ್ಣಿಗೆ ಬೀಳುತ್ತವೆ. ಇವುಗಳ ನಡುವೆ ಎಪಿ 02 ಎಂಬ ಅನಂತಪುರದ ಹಳೆಯ ಸಂಖ್ಯೆ ಹೊತ್ತವೂ ಉಂಟು. 2019ರಲ್ಲಿ ರಾಜ್ಯಕ್ಕೆಲ್ಲ ಎಪಿ 39 ಎಂಬ ಒಂದೇ ಸರಣಿ ಬಂದ ಮೇಲೆ ಆ ಸಂಖ್ಯೆ ಹೊಸ ವಾಹನಗಳಿಗೆ ದೊರೆಯುತ್ತಿಲ್ಲ. ಸಂಖ್ಯೆ ಯಾವುದಾದರೇನು, ಹೊದಿಕೆ ಸರಿಸಿದರೆ ಒಳಗೆ ಕಾಣುವುದು ಬಹುಮಟ್ಟಿಗೆ ಒಂದೇ ಕುಲದ ವಾಹನ: ಮಾರುತಿ 800, ಇಲ್ಲವೇ ಅದರ ಒಡಹುಟ್ಟಾದ ಜೆನ್.

ವಾರದ ಆರು ದಿನ ಇವು ಕದಲುವುದಿಲ್ಲ. ಶಾಲೆಗೆ, ಅಂಗಡಿಗೆ, ಮಾರುಕಟ್ಟೆಗೆ ದ್ವಿಚಕ್ರ ವಾಹನವೇ ಸಾಕು. ಭಾನುವಾರ ಬಂದಾಗ ಹೊದಿಕೆ ಕಳಚಿ, ಧೂಳು ಒರೆಸಿ, ಮಕ್ಕಳನ್ನು ಹತ್ತಿಸಿಕೊಂಡು ಲೇಪಾಕ್ಷಿಗೋ ಹೇಮಾವತಿಗೋ ಗಡಿಯಾಚೆಯ ನೆಂಟರ ಮನೆಗೋ ಹೊರಡುವುದು ವಾಡಿಕೆ. ಹೊಸ ಬೈಕಿನ ಬೆಲೆಯ ಅರ್ಧಕ್ಕೇ ದೊರೆಯುವ ಇಂಥ ಕಾರು ಸಾಮಾನ್ಯ ಕುಟುಂಬಕ್ಕೆ ನಾಲ್ಕು ಚಕ್ರದ ಸುಖವನ್ನು ಕೊಟ್ಟಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಡುವ ಹಣ ಅಲ್ಪವೆಂಬ ಕಾರಣಕ್ಕೆ ಕಾಗದದ ಕೆಲಸವನ್ನೂ ಅಲ್ಪವೆಂದು ಬಗೆದವರು ಮುಂದೆ ಪಡುವ ಪಾಡು ದೊಡ್ಡದು. ಗಡಿಯಲ್ಲಿ ವಾಸಿಸುವವರಿಗೆ ಈ ಎಚ್ಚರ ಇಮ್ಮಡಿಯಾಗಿ ಬೇಕು. ಕಾರು ಒಂದು ರಾಜ್ಯದ್ದು, ಮನೆ ಇನ್ನೊಂದು ರಾಜ್ಯದ್ದು.

ಕಾರಿನ ಮೋಹವುಳ್ಳ ತರುಣರನ್ನು ಕೇಳಿದರೆ ಅವರ ಕನಸಿನ ವಾಹನ ಬೇರೆಯೇ ಇರುತ್ತದೆ. ಎರಡೇ ಬಾಗಿಲು, ತಗ್ಗಾದ ಛಾವಣಿ, ಹಿಂದಕ್ಕೆ ಇಳಿಜಾರಾದ ಮೈ. ಇಂಥದನ್ನು ಕೂಪೆ ಎನ್ನುತ್ತಾರೆ. ಕತ್ತರಿಸಿದ್ದು ಎಂಬ ಅರ್ಥದ ಫ್ರೆಂಚ್ ಮಾತು ಅದು; ಕುದುರೆಗಾಡಿಯ ಕಾಲದಲ್ಲಿ ಎದುರುಬದುರು ಆಸನಗಳ ದೊಡ್ಡ ಗಾಡಿಯಿಂದ ಒಂದು ಸಾಲನ್ನು ತೆಗೆದು ಚಿಕ್ಕದಾಗಿಸಿದ ಗಾಡಿಗೆ ಬಂದ ಹೆಸರು. ಜಪಾನಿನ ಕಂಪನಿಗಳು ಈ ಬಗೆಯಲ್ಲಿ ಜಗತ್ಪ್ರಸಿದ್ಧವಾದವು. 1969ರ ಡಾಟ್ಸನ್ 240 ಝಡ್, 1970ರ ಟೊಯೊಟಾ ಸೆಲಿಕಾ, 1978ರ ಮಾಜ್ಡಾ ಆರ್‌ಎಕ್ಸ್-7 ಮತ್ತು ಹೋಂಡಾ ಪ್ರಿಲ್ಯೂಡ್ ಇಂದಿಗೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ವಾರಾಂತ್ಯದ ವಾಹನಗಳಾಗಿ ಮನೆಗಳಲ್ಲಿವೆ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ದಾಟಿದ ವಿದೇಶಿ ಕಾರಿಗೆ ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ಆದ್ದರಿಂದ ಅಲ್ಲಿರುವ ಕನ್ನಡಿಗನೊಬ್ಬ ಮನಸ್ಸು ಮಾಡಿದರೆ ಜಪಾನಿನಿಂದಲೇ ಹಳೆಯ ಕೂಪೆಯನ್ನು ಹಡಗಿನಲ್ಲಿ ತರಿಸಿಕೊಳ್ಳಬಹುದು.

ಭಾರತದಲ್ಲಿ ಅದು ಆಗದ ಮಾತು. ಬಳಸಿದ ಕಾರನ್ನು ಹೊರದೇಶದಿಂದ ತರಿಸಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು ಎಂಬ ನಿಯಮವಿದೆ. ಅದರ ಮೇಲೆ ಭಾರೀ ಸುಂಕ. ಹೀಗಾಗಿ ಹಳೆಯ ಜಪಾನೀ ಕಾರು ಎಂದರೆ ನಮ್ಮ ಕಡೆ ಇಲ್ಲಿಯೇ ತಯಾರಾದ ಸುಜುಕಿ ಕುಲದ ಕಾರು ಎಂದೇ ಅರ್ಥ.

ಆ ಕುಲಕ್ಕೂ ಕೂಪೆಗೂ ಇರುವ ನಂಟು ಮಾತ್ರ ಸ್ವಾರಸ್ಯಕರವಾದುದು. ಮಿಚಿಯೊ ಸುಜುಕಿ ಎಂಬಾತ 1909ರಲ್ಲಿ ಜಪಾನಿನ ಹಮಾಮತ್ಸು ಎಂಬಲ್ಲಿ ಆರಂಭಿಸಿದ್ದು ಕಾರಿನ ಕಾರ್ಖಾನೆಯನ್ನಲ್ಲ, ಮಗ್ಗದ ಕಾರ್ಖಾನೆಯನ್ನು. ಧರ್ಮಾವರದ ಸೀರೆಯ ಮಗ್ಗಗಳ ಸದ್ದು ಕೇಳಿ ಬೆಳೆದ ಈ ಭಾಗದವರಿಗೆ ಇದು ಆಪ್ತವಾದ ಸಂಗತಿಯೇ ಸರಿ. ನೇಯ್ಗೆ ಯಂತ್ರದಿಂದ ಮೋಟಾರು ಸೈಕಲ್ಲಿಗೆ, ಅಲ್ಲಿಂದ 1955ರಲ್ಲಿ ಸುಜುಲೈಟ್ ಎಂಬ ಪುಟ್ಟ ಕಾರಿಗೆ ಆ ಕಂಪನಿ ನಡೆದುಬಂತು. ಬಳಿಕ ಫ್ರಾಂಟೆ ಎಂಬ ಕಾರು ಬಂತು. ಆ ಫ್ರಾಂಟೆಗೆ 1971ರಲ್ಲಿ ಒಂದು ಕೂಪೆ ರೂಪವೂ ಇತ್ತು. 356 ಸಿಸಿಯ ಪುಟ್ಟ ಎಂಜಿನನ್ನು ಹಿಂಭಾಗದಲ್ಲಿ ಹೊತ್ತ, ಬೊಂಬೆಯಂಥ ವಾಹನ. ಅದರ ಉತ್ತರಾಧಿಕಾರಿಯಾದ ಸರ್ವೋ ಎಂಬ ಎರಡು ಬಾಗಿಲಿನ ಕಾರು 1982ರಲ್ಲಿ ಹೊಸ ರೂಪ ತಳೆದಾಗ, ಅದೇ ಕಾಲದ ಫ್ರಾಂಟೆಯ ತಳಹದಿಯ ಮೇಲೆಯೇ ನಿಂತಿತು. ಅದೇ ಪೀಳಿಗೆಯ ಫ್ರಾಂಟೆಯೇ 796 ಸಿಸಿ ಎಂಜಿನಿನೊಡನೆ ಭಾರತಕ್ಕೆ ಬಂದು ಮಾರುತಿ 800 ಆಯಿತು. ಅಂದಮೇಲೆ ಹಿಂದೂಪುರದ ಅಂಗಳದಲ್ಲಿ ನಿಂತ ಮೊದಲ ಮಾದರಿಯ 800 ಜಪಾನಿನ ಕೂಪೆಯೊಂದಕ್ಕೆ ದಾಯಾದಿಯೇ.

ಮಾರುತಿ ಉದ್ಯೋಗ್ ಸಂಸ್ಥೆ 1981ರಲ್ಲಿ ಸರಕಾರಿ ಕಂಪನಿಯಾಗಿ ಸ್ಥಾಪಿತವಾಯಿತು. ಮರುವರ್ಷ ಸುಜುಕಿಯೊಡನೆ ಒಪ್ಪಂದವಾಗಿ, ಆ ಕಂಪನಿ ಶೇ. 26ರಷ್ಟು ಪಾಲು ಪಡೆಯಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದ ಕೈಯನ್ನು ಗ್ರಾಹಕರೊಬ್ಬರಿಗೆ ಒಪ್ಪಿಸಿದರು. 1986ರಲ್ಲಿ 800ರ ಮೈಕಟ್ಟು ಬದಲಾಯಿತು. ಇಂದು ಬೀದಿಗಳಲ್ಲಿ ಉಳಿದಿರುವುದು ಹೆಚ್ಚಾಗಿ ಆ ಎರಡನೆಯ ರೂಪ. 1993ರಲ್ಲಿ 993 ಸಿಸಿಯ ಜೆನ್ ಬಂದಿತು. 2014ರ ಜನವರಿ 18ರಂದು 800ರ ತಯಾರಿಕೆ ನಿಂತಾಗ ಇಪ್ಪತ್ತೈದು ಲಕ್ಷಕ್ಕೂ ಮೀರಿದ ಕಾರುಗಳು ಹೊರಬಂದಿದ್ದವು. ಈ ಸಂಖ್ಯೆಯೇ ಇವತ್ತಿನ ಕೊಳ್ಳುವವನ ದೊಡ್ಡ ಬಲ: ಬಿಡಿಭಾಗ ಸಿಗುತ್ತದೆ, ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ಕಲ್ಯಾಣದುರ್ಗದಂಥ ಊರಿನಲ್ಲಿಯೂ ಇದ್ದಾನೆ. ಎರಡೇ ಬಾಗಿಲು ಬೇಕೆಂಬವರಿಗೆ ಜೆನ್‌ನಲ್ಲಿ 2003ರಲ್ಲಿ ಕಾರ್ಬನ್, ಸ್ಟೀಲ್ ಎಂಬ ಎರಡು ಸೀಮಿತ ಮಾದರಿಗಳು ಬಂದಿದ್ದವು. ಪಕ್ಕಕ್ಕೆ ಎರಡು ಬಾಗಿಲು, ಹಿಂದಕ್ಕೊಂದು. ತಯಾರಾದವು ಕೆಲವೇ ನೂರು. ಅಂಥದು ಕಣ್ಣಿಗೆ ಬಿದ್ದರೆ ಬೆಲೆಯ ಮಾತೇ ಬೇರೆ, ಬಾಗಿಲಿನ ಗಾಜೊಂದು ಒಡೆದರೆ ಮತ್ತೊಂದನ್ನು ಹುಡುಕುವ ಪಾಡೂ ಬೇರೆ. ಮಕ್ಕಳಿರುವ ಮನೆಗೆ ಐದು ಬಾಗಿಲಿನ ಸಾಧಾರಣ ಜೆನ್ನೇ ಲೇಸು.

ಇನ್ನು ಕೊಳ್ಳುವ ಮಾತು. ಮಾರುವವನ ಬಾಯಲ್ಲಿ ಎರಡು ವಾಕ್ಯಗಳು ಸದಾ ಸಿದ್ಧವಾಗಿರುತ್ತವೆ: "ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ ಅಣ್ಣಾ", "ಡಾಕ್ಟರೊಬ್ಬರೇ ಓಡಿಸಿದ್ದು, ಸಿಂಗಲ್ ಓನರ್". ಎರಡನ್ನೂ ಕೇಳಿಸಿಕೊಂಡು ತಲೆಯಾಡಿಸಿ, ಕಾರು ತಣ್ಣಗಿರುವಾಗಲೇ ಬಂದು ನೋಡುವೆನೆಂದು ಹೇಳಿ ಬರುವುದು ಜಾಣತನ. ಮೊದಲೇ ಓಡಿಸಿ ಬಿಸಿಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಮರೆಮಾಚುತ್ತದೆ. ತಣ್ಣಗಿನ ಎಂಜಿನನ್ನು ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ಬರುವ ಹೊಗೆಯ ಬಣ್ಣವೇ ಅರ್ಧ ಕಥೆಯನ್ನು ಹೇಳುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಒಳಗಿನ ಉಂಗುರಗಳು ಸವೆದಿವೆ. ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಇದು ಕಾರ್ಬ್ಯುರೇಟರ್ ಸರಿಪಡಿಸಿದರೆ ಹೋಗುವ ದೋಷ. ಚಳಿಯ ಬೆಳಗ್ಗೆ ಕ್ಷಣಕಾಲ ಬಿಳಿಯ ಹಬೆ ಸಹಜ. ಆದರೆ ಎಂಜಿನ್ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿನೊಳಗೆ ಸೇರುತ್ತಿದೆ ಎಂದು ಅರ್ಥ, ಅಂಥದನ್ನು ಬಿಟ್ಟುಬರುವುದೇ ಮೇಲು. ಮೀಟರು ತೋರಿಸುವ ಕಿಲೋಮೀಟರುಗಳನ್ನು ನಂಬುವ ಅಗತ್ಯವಿಲ್ಲ. ಐದಂಕಿಯ ಮೀಟರುಳ್ಳ ಕಾರು 99,999 ದಾಟಿತೆಂದರೆ ಮತ್ತೆ ಸೊನ್ನೆಯಿಂದ ಬಾಳು ಆರಂಭಿಸುತ್ತದೆ. ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಮೇಲಿನ ಸವಕಳಿ, ಚಾಲಕನ ಆಸನದ ಕುಸಿತ, ಇವು ಮೀಟರಿಗಿಂತ ಸತ್ಯವಂತ ಸಾಕ್ಷಿಗಳು.

ಕಾರು ಎಲ್ಲಿ ಬಾಳಿತೆಂಬುದೂ ಮುಖ್ಯ. ಮಂಗಳೂರು, ಉಡುಪಿಗಳ ಕಡಲ ಗಾಳಿಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿನ ತಳ ತುಕ್ಕು ತಿಂದಿರುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ಬಾಳಿದ ಕಾರಿನ ತಗಡು ಗಟ್ಟಿಯಾಗಿಯೇ ಉಳಿದಿರುತ್ತದೆ. ಬರಗಾಲದ ನಾಡಿಗೆ ದೊರೆತ ಒಂದೇ ಒಂದು ಲಾಭವೆಂದರೆ ಇದೇ ಇರಬೇಕು. ಆದರೆ ಅದೇ ಬಿಸಿಲು ರಬ್ಬರನ್ನು ಸೀಳುತ್ತದೆ, ಬಣ್ಣವನ್ನು ಮಾಸಿಸುತ್ತದೆ. ಆದ್ದರಿಂದ ಮ್ಯಾಟ್ ಎತ್ತಿ ನೆಲದ ತಗಡನ್ನು ನೋಡಬೇಕು, ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ತಟ್ಟಿ ಕೇಳಬೇಕು. ತಗಡಿನ ಬದಲು ಪುಟ್ಟಿ ತುಂಬಿದ್ದರೆ ಸದ್ದು ಮೊಂಡಾಗಿರುತ್ತದೆ. ಈ ಎಂಜಿನುಗಳಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಕಾರು ಓಡಲಿ ಬಿಡಲಿ, ಅದಕ್ಕೆ ವಯಸ್ಸಾಗುತ್ತದೆ. ಹಿಂದೆ ಯಾವಾಗ ಬದಲಿಸಿದರೆಂಬ ರಸೀತಿ ಇಲ್ಲದಿದ್ದರೆ ಕೊಂಡ ಕೂಡಲೆ ಹೊಸದು ಹಾಕಿಸುವುದೇ ಸರಿ.

ಯಾವ ಕಾರಣಕ್ಕೂ ಕೊಳ್ಳಬಾರದ ಕಾರೊಂದುಂಟು. ಅಡುಗೆ ಅನಿಲದ ಕಿಟ್ಟನ್ನು ಕದ್ದುಮುಚ್ಚಿ ಕೂಡಿಸಿದ್ದು. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದಷ್ಟೇ ಇದ್ದು, ಡಿಕ್ಕಿಯಲ್ಲಿ ಸಿಲಿಂಡರಿನ ಗುರುತು, ಕೊಯ್ದ ಪೈಪಿನ ತೂತು ಕಂಡರೆ ಮಾತು ಅಲ್ಲಿಗೇ ಮುಗಿಯಬೇಕು. ಅದೇ ಬೆಂಚಿನ ಹಿಂದೆ ಮಕ್ಕಳು ಕೂರುತ್ತಾರೆ.

ಕಾರು ಹಿಡಿಸಿತು, ಬೆಲೆ ಕುದುರಿತು, ಹಣ ಕೈ ಬದಲಾಯಿತು. ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ಪೂಜೆಯೂ ಆಯಿತು. ಅನೇಕ ಮನೆಗಳಲ್ಲಿ ವ್ಯವಹಾರ ಇಲ್ಲಿಗೇ ನಿಂತುಹೋಗುತ್ತದೆ. ಮಾರಿದವನು ಸಹಿ ಮಾಡಿಕೊಟ್ಟ ಖಾಲಿ ನಮೂನೆಗಳು ಬೀರುವಿನ ಲಕೋಟೆಯಲ್ಲಿ ಉಳಿಯುತ್ತವೆ. ಕಾಗದದ ಪ್ರಕಾರ ಕಾರು ಇನ್ನೂ ಗೌರಿಬಿದನೂರಿನ ಯಾರದೋ ಹೆಸರಿನಲ್ಲಿದೆ.

ಕಾನೂನು ಹೇಳುವುದೇನು? 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಕೊಂಡವನು ಮೂವತ್ತು ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಮಾರಿದವನೂ ತಿಳಿಸಬೇಕು, ರಾಜ್ಯದೊಳಗಾದರೆ ಹದಿನಾಲ್ಕು ದಿನ, ಹೊರರಾಜ್ಯಕ್ಕಾದರೆ ನಲವತ್ತೈದು ದಿನ ಅವನಿಗಿದೆ. 47ನೆಯ ಕಲಮು ಗಡಿನಾಡಿನವರು ಬಾಯಿಪಾಠ ಮಾಡಬೇಕಾದದ್ದು: ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿನ ಹೊಸ ಸಂಖ್ಯೆಯನ್ನು ಪಡೆಯಲೇಬೇಕು.

ಇದನ್ನು ಮೀರಿದರೆ ಹೊಣೆ ಯಾರ ಮೇಲೆ ಬೀಳುತ್ತದೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ಒಂದು ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ವಾಹನವೊಂದನ್ನು ಅದರ ಮಾಲೀಕ 2007ರಲ್ಲಿ ಮಾರಿದ್ದ. ಅದು ಕೈಯಿಂದ ಕೈಗೆ ಹೋಯಿತು. ಯಾರೂ ಹೆಸರು ಬದಲಿಸಿಕೊಳ್ಳಲಿಲ್ಲ. 2009ರಲ್ಲಿ ಅಪಘಾತವಾಗಿ ಒಂದು ಮಗು ತೀರಿಕೊಂಡಿತು. ವಾಹನವನ್ನು ಕಣ್ಣಾರೆ ಕಂಡು ಎರಡು ವರ್ಷವಾಗಿದ್ದ ಮೊದಲ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ತೀರ್ಮಾನಿಸಿತು, ಏಕೆಂದರೆ ದಾಖಲೆಯಲ್ಲಿದ್ದುದು ಅವನ ಹೆಸರು. ಇದನ್ನೋದಿ ಕೊಂಡವನು ನೆಮ್ಮದಿಪಡುವಂತಿಲ್ಲ. ತನ್ನ ಹೆಸರಿಲ್ಲದ ಕಾರಿನ ನೋಂದಣಿಯನ್ನು ಅವನು ನವೀಕರಿಸಲಾರ, ಕಾನೂನುಬದ್ಧವಾಗಿ ಮುಂದಕ್ಕೆ ಮಾರಲಾರ, ಸ್ವಂತ ನಷ್ಟಕ್ಕೆ ವಿಮೆಯ ಹಣ ಕೇಳಲಾರ. ಇಂದು ಮಾರಿಕೊಟ್ಟ ಹಿರಿಯರು ನಾಳೆ ತೀರಿಕೊಂಡರೆ ಸಹಿ ಮಾಡಿದ ಖಾಲಿ ಕಾಗದಗಳಿಗೆ ಬೆಲೆಯೇ ಉಳಿಯದು. ಆಗ ಅವರ ವಾರಸುದಾರರು 31ನೆಯ ನಮೂನೆಯಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಕೊಡಬೇಕು. ಮೂರು ಜನ ಮಕ್ಕಳು ಮೂರು ಊರುಗಳಲ್ಲಿದ್ದರೆ ಈ ಕೆಲಸ ವರ್ಷ ಹಿಡಿಯುತ್ತದೆ. ಇಪ್ಪತ್ತು ವರ್ಷದ ಕಾರುಗಳ ಮೊದಲ ಮಾಲೀಕರಲ್ಲಿ ಅನೇಕರು ವಯೋವೃದ್ಧರೆಂಬುದನ್ನು ಮರೆಯಬಾರದು.

ಕೆಲಸದ ಕ್ರಮ ಹೀಗಿದೆ. ಹಣ ಪೂರ್ತಿ ಕೊಡುವ ಮೊದಲೇ, ಕಾರು ನೋಂದಣಿಯಾದ ಕರ್ನಾಟಕದ ಸಾರಿಗೆ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರವನ್ನು, ಎಲ್ಲರೂ ಎನ್‌ಒಸಿ ಎನ್ನುವ ಕಾಗದವನ್ನು, ಮಾರುವವನಿಂದಲೇ ತೆಗೆಸಬೇಕು. ಅದರಲ್ಲಿ ಯಾವ ಕಚೇರಿಗೆ ಹೋಗುತ್ತಿದೆ ಎಂಬುದು ನಮೂದಾಗುತ್ತದೆ, ಹಿಂದೂಪುರ ಎಂದಿರಬೇಕಾದಲ್ಲಿ ಅನಂತಪುರ ಎಂದಾದರೆ ಮತ್ತೆ ಅಲೆದಾಟ. ಹಳೆಯ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು 35ನೆಯ ನಮೂನೆಗೆ ಬ್ಯಾಂಕಿನ ಸಹಿ ಬೇಕು. 29, 30ನೆಯ ನಮೂನೆಗಳು ಹೆಸರು ಬದಲಾವಣೆಗೆ, 27ನೆಯದು ಹೊಸ ರಾಜ್ಯದ ಸಂಖ್ಯೆಗೆ. ಜೊತೆಗೆ ವಿಮೆ, ಹೊಗೆ ತಪಾಸಣೆಯ ಚೀಟಿ, ವಿಳಾಸದ ಆಧಾರ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ತಗಡಿನ ಮೇಲೆ ಕೊರೆದಿರುವಂತೆಯೇ ಆರ್‌ಸಿಯಲ್ಲಿಯೂ ಇದೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಎಂಜಿನ್ ಬದಲಿಸಿ ದಾಖಲೆ ಮಾಡಿಸದ ಕಾರುಗಳು ಪರಿಶೀಲನೆಯ ದಿನ ಸಿಕ್ಕಿಬೀಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಗನೋ ಮಗಳೋ ಈ ಹೋಲಿಕೆಯ ಕೆಲಸಕ್ಕೆ ಒಳ್ಳೆಯ ಜೊತೆ. ಇತ್ತ ಕಚೇರಿಯ ಅರ್ಜಿಗಳು ತೆಲುಗು, ಇಂಗ್ಲಿಷಿನಲ್ಲಿರುತ್ತವೆ, ಮಾರುವವನೊಡನೆ ಬರೆದುಕೊಂಡ ಕರಾರು ಕನ್ನಡದಲ್ಲಿರುತ್ತದೆ. ಮೂರನ್ನೂ ಓದಬಲ್ಲವರು ಮನೆಯಲ್ಲಿದ್ದರೆ ಮಧ್ಯವರ್ತಿಯ ಮೇಲಿನ ಅವಲಂಬನೆ ತಗ್ಗುತ್ತದೆ.

ತೆರಿಗೆಯ ವಿಚಾರದಲ್ಲಿ ಗಡಿನಾಡಿನವರಿಗೆ ಎರಡು ಕಡೆಯ ಲೆಕ್ಕ. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆ ಆಂಧ್ರದಲ್ಲಿ ಸಲ್ಲದು. ಇಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಹದಿನೈದು ವರ್ಷ ದಾಟಿದ್ದರೆ ಹಸಿರು ತೆರಿಗೆಯೂ ಸೇರುತ್ತದೆ. ಮೊತ್ತ ಎಷ್ಟೆಂಬುದನ್ನು ಕಾರು ಕೊಳ್ಳುವ ಮೊದಲು ಹಿಂದೂಪುರದ ಸಾರಿಗೆ ಕಚೇರಿಯಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಬೇರೆಯವರ ಬಾಯಿಮಾತಿನ ಲೆಕ್ಕ ಕೈಕೊಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಆರ್‌ಸಿಯ ಅವಧಿ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು; ಆಮೇಲೆ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ ಇದಕ್ಕೆ 600 ರೂಪಾಯಿ ಶುಲ್ಕವಿತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು; ಅವಧಿ ಮುಗಿದ ಮೇಲೆ ತಡಮಾಡಿದ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಲಾಯಿತು. ಅವಧಿ ಮುಗಿದು ಮೂರು ವರ್ಷವಾದ ಕಾರನ್ನು ಅಗ್ಗವೆಂದು ಕೊಂಡರೆ ತಡದ ದಂಡವೇ 18,000 ರೂಪಾಯಿ ಆಗುತ್ತದೆ. ನಲವತ್ತು ಸಾವಿರದ ಕಾರಿಗೆ ಇದೆಲ್ಲ ಸೇರಿ ಎಷ್ಟಾಯಿತೆಂದು ಮಕ್ಕಳೇ ಕೂಡಿ ಹೇಳಬಲ್ಲರು. ಇದಕ್ಕಿಂತ ಇಪ್ಪತ್ತು ವರ್ಷ ಇನ್ನೂ ತುಂಬದ, ಇತ್ತೀಚೆಗೆ ನವೀಕರಿಸಿದ, ಎಪಿ ಸಂಖ್ಯೆಯದೇ ಆದ ಕಾರಿಗೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ಲಾಭವೇ. ಅಂಥದು ಕಲ್ಯಾಣದುರ್ಗ, ರಾಯದುರ್ಗಗಳ ಕಡೆ ಹುಡುಕಿದರೆ ಸಿಗುತ್ತದೆ. ಬೆಂಗಳೂರಿನ ಹೊಳಪಿಗೆ ಮರುಳಾಗಿ ಅತ್ತ ಧಾವಿಸುವವರು ಇದನ್ನು ಎಣಿಸುವುದಿಲ್ಲ. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಿಂದ ಪ್ರತ್ಯೇಕವಾದ ಪಾರಂಪರಿಕ ನೋಂದಣಿ ಇದೆ ಎಂದು ಕೆಲವರು ಸಮಾಧಾನ ಹೇಳುವುದುಂಟು. ಮೊತ್ತಮೊದಲ ಮಾರುತಿ 800ಕ್ಕೇ ಐವತ್ತು ತುಂಬುವುದು 2033ರ ಡಿಸೆಂಬರಿನಲ್ಲಿ.

ವಿಮೆಯಿಲ್ಲದೆ ಒಂದು ಫರ್ಲಾಂಗೂ ಓಡಿಸಬಾರದು. ಮೂರನೆಯವರಿಗಾಗುವ ಹಾನಿಯ ವಿಮೆ ಕಡ್ಡಾಯ. 2022ರ ಜೂನ್‌ನಿಂದ ಬಂದ ದರದಂತೆ 1000 ಸಿಸಿಯೊಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ತೆರಿಗೆ ಬೇರೆ. ಮಾಲೀಕನೇ ಚಾಲಕನಾಗಿದ್ದರೆ ಅವನಿಗಾಗಿ ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನೂ ಸೇರಿಸಬೇಕು. ವಾರಕ್ಕೊಮ್ಮೆ ತಾನೇ ತೆಗೆಯುವುದು ಎಂಬ ಮಾತು ಅಪಘಾತಕ್ಕೆ ತಿಳಿಯದು. ವಿಮೆಯಿಲ್ಲದೆ ಸಿಕ್ಕರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡವಿದೆ, ಸೆರೆವಾಸಕ್ಕೂ ಅವಕಾಶವಿದೆ.

ಕಾಗದದ ಕೆಲಸ ಮುಗಿದ ಮೇಲೆ ಸಾಕುವ ಕೆಲಸ. ವಾರಕ್ಕೊಮ್ಮೆ ಓಡುವ ಕಾರು ದಿನವೂ ಓಡುವ ಕಾರಿಗಿಂತ ಬೇಗ ಕೆಡುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ನಿಂತಲ್ಲೇ ಬ್ಯಾಟರಿ ತನ್ನಷ್ಟಕ್ಕೆ ಸೋರಿಹೋಗುತ್ತದೆ. ಬುಧವಾರ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವುದರಿಂದ ಪ್ರಯೋಜನವಿಲ್ಲ. ಸ್ಟಾರ್ಟ್ ಮಾಡಲು ಹೋದ ವಿದ್ಯುತ್ತು ಮರಳಿ ತುಂಬುವಷ್ಟು ಕಾಲ, ಇಪ್ಪತ್ತು ನಿಮಿಷವಾದರೂ, ರಸ್ತೆಯಲ್ಲಿ ಓಡಿಸಬೇಕು. ಹೊದಿಕೆಯ ಕೆಳಗೆ ಇಲಿ ಹೊಕ್ಕು ವೈರು ಕಡಿಯುವುದು ಇಲ್ಲಿನ ನಿತ್ಯದ ದೂರು. ಟೈರಿನ ಎಳೆ ಸವೆಯದಿದ್ದರೂ ಬಿಸಿಲಿನಲ್ಲಿ ರಬ್ಬರು ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯನ್ನು ಓದುವುದನ್ನು ಮಕ್ಕಳಿಗೆ ಕಲಿಸಿದರೆ ಅವರೇ ಕಾವಲುಗಾರರಾಗುತ್ತಾರೆ. 3219 ಎಂದಿದ್ದರೆ ಅದು 2019ರ ಮೂವತ್ತೆರಡನೆಯ ವಾರದಲ್ಲಿ ತಯಾರಾದದ್ದು.

ಪೆಟ್ರೋಲಿನ ಸ್ವಭಾವವೂ ಈಗ ಬದಲಾಗಿದೆ. ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. 2023ರ ಏಪ್ರಿಲ್‌ನಿಂದೀಚಿನ ಹೊಸ ಕಾರುಗಳ ಬಿಡಿಭಾಗಗಳು ಅದಕ್ಕೆ ಹೊಂದುವಂತಿವೆ. 1990ರ ದಶಕದ ಕಾರ್ಬ್ಯುರೇಟರಿನ ರಬ್ಬರು ಕೊಳವೆ, ವಾಷರುಗಳು ಹಾಗಿಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಆ ದಿನದ ಪ್ರಯಾಣ ಬಿಟ್ಟು ಕೊಳವೆಗಳನ್ನು ಬದಲಿಸಬೇಕು. ಕೆಲವು ನೂರು ರೂಪಾಯಿಗಳ ಕೆಲಸವದು, ಬಿಟ್ಟರೆ ಬೆಂಕಿಯ ಅಪಾಯ. ತಿಂಗಳುಗಟ್ಟಲೆ ಕಾರು ನಿಲ್ಲುವ ಮನೆಗಳಲ್ಲಿ ಟ್ಯಾಂಕನ್ನು ತುಂಬಿಸಿಡದೆ ಬೇಕಾದಷ್ಟೇ ಹಾಕಿಸುವುದು ಒಳ್ಳೆಯದೋ, ತೇವ ಸೇರದಂತೆ ತುಂಬಿಸಿಡುವುದು ಒಳ್ಳೆಯದೋ ಎಂಬ ವಾದ ಮೆಕ್ಯಾನಿಕರಲ್ಲಿ ಮುಗಿದಿಲ್ಲ. ವಾರವಾರವೂ ಓಡುವ ಕಾರಿಗೆ ಎರಡೂ ಚಿಂತೆ ಬೇಡ.

ಈ ಸೀಮೆಯ ಕಾರುಗಳ ನಿಜವಾದ ಶತ್ರು ಮಾತ್ರ ನೀರು. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಕಲ್ಯಾಣದುರ್ಗದ ಯಾವ ಗೃಹಿಣಿಯೂ ಬಲ್ಲಳು. ಗಡಸು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದಾಗ ಕರಗದ ರೂಪಕ್ಕೆ ತಿರುಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣವೆಂಬುದು ವಿಜ್ಞಾನದ ಪಾಠದಲ್ಲಿಯೂ ಇದೆ. ರೇಡಿಯೇಟರಿನಲ್ಲಿ ನಡೆಯುವುದೂ ಅದೇ. ದಾರಿಯಲ್ಲಿ ಬಿಸಿಯಾಯಿತೆಂದು ಹೊಲದ ಮೋಟಾರಿನಿಂದ ಹಿಡಿದು ಸುರಿದ ನೀರು ಅದರ ಸಣ್ಣ ನಾಳಗಳನ್ನು ವರ್ಷಗಳ ಕಾಲ ಮೆಲ್ಲಗೆ ಮುಚ್ಚುತ್ತ ಬರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ದಿನ ಎಂಜಿನ್ ಕಾದು, ಸಿಲಿಂಡರ್ ಹೆಡ್ ಸೊಟ್ಟಗಾಗಿ, ಕಾರಿನ ಬೆಲೆಯ ಅರ್ಧದಷ್ಟು ರಿಪೇರಿ ಖರ್ಚು ಬರುತ್ತದೆ. ಶುದ್ಧೀಕರಿಸಿದ ಬ್ಯಾಟರಿ ನೀರಿನಲ್ಲಿ ಕೂಲಂಟ್ ಬೆರೆಸಿ ತುಂಬಿದರೆ ಈ ಪಾಡು ಬಾರದು. ಅದರದೇ ಒಂದು ಬಾಟಲಿ ಡಿಕ್ಕಿಯಲ್ಲಿ ಸದಾ ಇರಲಿ. ಹಳೆಯ ಕಾರು ಕೊಂಡ ಮೊದಲ ವಾರದಲ್ಲಿ ಮಾಡಿಸಬೇಕಾದ ಕೆಲಸ ಒಂದೇ ಎಂದರೆ ಅದು ರೇಡಿಯೇಟರ್ ತೊಳೆಸುವುದು. ಹಾಡುಪೆಟ್ಟಿಗೆ, ಹೊಸ ಸೀಟುಬಟ್ಟೆಗಳು ಆಮೇಲಿನ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಈ ಕ್ರಮ ತಿರುವುಮುರುವಾಗಿರುತ್ತದೆ.

ಎಲ್ಲಿಗೆ ಹೋಗಬೇಕೆಂಬ ವಿವೇಚನೆಯೂ ಸಾಕುವುದರಲ್ಲಿ ಸೇರಿದೆ. ಸುಮಾರು 650 ಕಿಲೋ ತೂಗುವ 800ರಲ್ಲಿ ಗಾಳಿಚೀಲವಿಲ್ಲ, ಎಬಿಎಸ್ ಇಲ್ಲ. ಅದು ತಯಾರಾದ ಕಾಲದ ರಸ್ತೆಗಳ ವೇಗವೇ ಬೇರೆ. ಪೆನುಕೊಂಡದ ಬಳಿ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕಿಯಾ ಕಾರ್ಖಾನೆಯಿಂದ ಹೊಸ ಕಾರುಗಳನ್ನು ಹೇರಿಕೊಂಡ ಉದ್ದನೆಯ ಟ್ರಕ್ಕುಗಳ ಪಕ್ಕ ಈ ಪುಟ್ಟ ಕಾರು ಗಾಳಿಗೆ ತೂಗುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟುಪಟ್ಟಿಯೋ ಮಕ್ಕಳ ಆಸನವೋ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ಹಳೆಯ ಕಾರಿನ ಹಿಂದಿನ ಆಸನದಲ್ಲಿ ಪಟ್ಟಿಗಳಿಲ್ಲದಿದ್ದರೆ ಹಾಕಿಸಬೇಕು, ಇದ್ದು ಸೀಟಿನಡಿ ಹುದುಗಿದ್ದರೆ ಹೊರತೆಗೆಯಬೇಕು. ಆರ್‌ಸಿಯಲ್ಲಿ ಬರೆದ ಆಸನಗಳಿಗಿಂತ ಹೆಚ್ಚು ಮಂದಿಯನ್ನು, ಮದುವೆಗೆ ಹೊರಟ ದಿನವೂ, ತುಂಬಬಾರದು.

ಹೆದ್ದಾರಿಯನ್ನು ಬಿಟ್ಟರೂ ಈ ನಾಡಿನಲ್ಲಿ ಭಾನುವಾರಗಳಿಗೆ ಬರವಿಲ್ಲ. ಹಿಂದೂಪುರದಿಂದ ಲೇಪಾಕ್ಷಿಗೆ ಹದಿನೈದು ಕಿಲೋಮೀಟರು. ಮಡಕಶಿರಾ ದಾಟಿ ಅಮರಾಪುರದ ಕಡೆ ಹೋದರೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಅಂದಿನ ಹೆಂಜೇರು, ಅಲ್ಲಿನ ಕನ್ನಡ ಶಾಸನಗಳು, ನುಣುಪುಗಲ್ಲಿನ ಕಂಬಗಳು. ಕಲ್ಯಾಣದುರ್ಗದವರಿಗೆ ಕಂಬದೂರಿನ ಮಲ್ಲಿಕಾರ್ಜುನ ಗುಡಿ ಸಮೀಪ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋದರೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಬೋರ್ಡುಗಳ ಅಕ್ಷರ ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ಬದಲಾಗುವುದನ್ನು ಮಕ್ಕಳು ಕಿಟಕಿಯಿಂದ ಓದುತ್ತ ಹೋಗಬಹುದು. ಗಂಟೆಗೆ ಐವತ್ತರ ವೇಗದಲ್ಲಿ ಓದಲು ಬಿಡುವು ಸಿಗುತ್ತದೆ.

ಎಷ್ಟು ಸಾಕಿದರೂ ಒಂದು ದಿನ ತಪಾಸಣೆಯಲ್ಲಿ ಕಾರು ನಿಲ್ಲದೆ ಹೋಗುತ್ತದೆ, ಇಲ್ಲವೇ ನವೀಕರಣದ ಖರ್ಚು ಅದರ ಬೆಲೆಯನ್ನು ಮೀರುತ್ತದೆ. ಆಗ ತೂಕದ ಲೆಕ್ಕದಲ್ಲಿ ಬೀದಿಯ ಗುಜರಿಗೆ ಹಾಕಿ ಕೈತೊಳೆದುಕೊಳ್ಳುವುದು ಅಪಾಯದ ಕೆಲಸ. ನಂಬರ್ ಪ್ಲೇಟು, ಚಾಸಿ ಸಂಖ್ಯೆ ಬೇರೆಯವರ ಕೈ ಸೇರಿ ಇನ್ನೊಂದು ಕಾರಿನ ಮೇಲೆ ಓಡತೊಡಗಿದರೆ ಪೊಲೀಸರು ಹುಡುಕಿ ಬರುವುದು ದಾಖಲೆಯಲ್ಲಿ ಹೆಸರಿರುವವನ ಮನೆಗೆ. ಸರಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಕಾರನ್ನು ಒಪ್ಪಿಸಿ, ಠೇವಣಿ ಪ್ರಮಾಣಪತ್ರವನ್ನು ಪಡೆದು, 55ನೆಯ ಕಲಮಿನಂತೆ ಸಾರಿಗೆ ಕಚೇರಿಯಲ್ಲಿ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು. ಆ ಪ್ರಮಾಣಪತ್ರವನ್ನು ಜೋಪಾನವಾಗಿಡತಕ್ಕದ್ದು. ಮುಂದೆ ಹೊಸ ಖಾಸಗಿ ವಾಹನ ಕೊಂಡಾಗ ಅದನ್ನು ತೋರಿಸಿದರೆ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ.